ಓದುಗರ ಪ್ರಶ್ನೆ: ಆಟಗಾರ ಬರೋದು ದುಡ್ಡಿಗಾ, ಜಾಗಕ್ಕಾ?

ಈ ಸಲ ಬಂದ ಪತ್ರಗಳಲ್ಲಿ ಫುಟ್‌ಬಾಲ್‌ದೇ ಜಾಸ್ತಿ. ಅದೂ ಕಾರವಾರದಿಂದ ಹೊನ್ನಾವರದವರೆಗಿನ ಪಟ್ಟಿಯಿಂದ. ಮಾಜಾಳಿ ದಾಟಿದರೆ ಗೋವಾ, ಹಾಗಾಗಿ ಆಶ್ಚರ್ಯವೇನಿಲ್ಲ. ಕ್ರಿಕೆಟ್‌ನವರು ಮುಂದಿನ ತಿಂಗಳವರೆಗೆ ಕಾಯಿರಿ.

ನಮ್ಮ ನೆಚ್ಚಿನ ಇಂಗ್ಲೆಂಡಿನ ಕ್ಲಬ್ ಎರಡು ಸೀಸನ್‌ನಿಂದ ಬರೀ ಸೋಲುತ್ತಿದೆ. ಮಾಲೀಕರ ಹತ್ತಿರ ದುಡ್ಡಿದೆ. ಐದಾರು ಸ್ಟಾರ್‌ಗಳನ್ನು ಒಟ್ಟಿಗೆ ತಂದರೆ ಮುಗೀತಲ್ಲ? ಹೆಸರೇ ಕೇಳದ ಹುಡುಗರನ್ನು ಯಾಕೆ ತರುತ್ತಾರೆ?
— ಓದುಗ, ಕೋಡಿಬಾಗ, ಕಾರವಾರ

ತಂದರೆ ಮುಗೀತು ಅಂತೀರಿ, ಆದರೆ ಅವರು ಬರಬೇಕಲ್ಲ ಮಾರಾಯ್ರೇ! ಕ್ಲಬ್ ಆಟಗಾರನನ್ನು ಆರಿಸುವ ಹಾಗೆ ಆಟಗಾರನೂ ಕ್ಲಬ್ಬನ್ನು ಆರಿಸುತ್ತಾನೆ. 27 ವರ್ಷದ ದೊಡ್ಡ ಸ್ಟಾರ್ ಒಬ್ಬನಿಗೆ ನಿಮ್ಮ ಕ್ಲಬ್ಬಿನಿಂದ ಫೋನ್ ಹೋಯಿತು ಅಂತಿಟ್ಟುಕೊಳ್ಳಿ. ಏಜೆಂಟ್ ಮೊದಲು ಸಂಬಳ ಕೇಳುತ್ತಾನೆ, ಸರಿ. ಆಮೇಲೆ ಯುರೋಪಿನ ಅಗ್ರ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಆಡ್ತೀರಾ, ಕೋಚ್ ಯಾರು, ಆ ಕೋಚ್ ಮುಂದಿನ ವರ್ಷವೂ ಇರ್ತಾನಾ ಅಂತ ಶುರುಮಾಡುತ್ತಾನೆ. ಸೋಲುತ್ತಿರುವ ಕ್ಲಬ್ಬಿನ ಹತ್ತಿರ ಇದಕ್ಕೆಲ್ಲ ಒಳ್ಳೆ ಉತ್ತರ ಇರೋದಿಲ್ಲ. ಕೊನೆಗೆ ದುಡ್ಡಿಗಾಗಿಯೇ ಬರುವವನು ಮಾತ್ರ ಬರುತ್ತಾನೆ, ಅವನಿಗೆ 31 ಆಗಿರುತ್ತದೆ, ನಾಲ್ಕು ವರ್ಷದ ಕರಾರು ಬೇಕು ಅಂತಾನೆ, ಎರಡನೇ ವರ್ಷಕ್ಕೆ ಮಂಡಿ ಕೈಕೊಡುತ್ತದೆ, ಮಾರೋಣ ಅಂದರೆ ಅಷ್ಟು ಸಂಬಳ ಕೊಡುವವರು ಬೇರೆ ಯಾರೂ ಸಿಗೋದಿಲ್ಲ.

ಸೋತ ಕ್ಲಬ್ಬಿನ ಹತ್ತಿರ ಇರುವ ನಿಜವಾದ ಆಸ್ತಿ ಒಂದೇ, ತಂಡದಲ್ಲಿ ಖಾಲಿ ಜಾಗ. ದೊಡ್ಡ ಕ್ಲಬ್ಬಿನ ಬೆಂಚಿನ ಮೇಲೆ ಕೂತು ಬೇಜಾರಾದ 22ರ ಹುಡುಗನಿಗೆ 'ಬಾ, ವಾರ ವಾರ ಆಡಿಸ್ತೇವೆ, ಚೆನ್ನಾಗಿ ಆಡಿದರೆ ಎರಡು ವರ್ಷ ಬಿಟ್ಟು ಮೇಲೆ ಹೋಗು, ತಡೆಯೋದಿಲ್ಲ' ಅಂದರೆ ಬರುತ್ತಾನೆ. ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. 2014ರ ಜನವರಿಯಲ್ಲಿ ಫ್ರಾನ್ಸಿನ ಎರಡನೇ ದರ್ಜೆಯ ಲ ಆವ್ರ್ ಕ್ಲಬ್ಬಿನಿಂದ ರಿಯಾದ್ ಮಾಹ್ರೆಜ್‌ನನ್ನು ಸುಮಾರು 4.5 ಲಕ್ಷ ಪೌಂಡಿಗೆ ತಂದರು. ಲೆಸ್ಟರ್ ಅಂದರೆ ರಗ್ಬಿ ಕ್ಲಬ್ ಅಂದುಕೊಂಡಿದ್ದೆ ಅಂತ ಅವನೇ ಆಮೇಲೆ ಹೇಳಿಕೊಂಡ. ಜೇಮಿ ವಾರ್ಡಿ 2012ರಲ್ಲಿ ಇಂಗ್ಲೆಂಡಿನ ಮೊದಲ ನಾಲ್ಕು ದರ್ಜೆಗಳ ಆಚೆ ಆಡುತ್ತಿದ್ದ ಫ್ಲೀಟ್‌ವುಡ್ ಕ್ಲಬ್ಬಿನಿಂದ 10 ಲಕ್ಷ ಪೌಂಡಿಗೆ ಬಂದವನು. ಇದೇ ಇಬ್ಬರನ್ನು ಮುಂದಿಟ್ಟುಕೊಂಡು 2016ರಲ್ಲಿ ಇಂಗ್ಲೆಂಡಿನ ಮೊದಲ ದರ್ಜೆಯ ಪ್ರೀಮಿಯರ್ ಲೀಗ್ ಗೆದ್ದರು.

ಇನ್ನು ದುಡ್ಡಿದ್ದರೂ ಬೇಕಾದಷ್ಟು ಸುರಿಯೋಕೆ ಆಗೋದಿಲ್ಲ. ಮೂರು ವರ್ಷಕ್ಕೆ ಒಟ್ಟು ನಷ್ಟ 10.5 ಕೋಟಿ ಪೌಂಡ್ ದಾಟಬಾರದು ಅಂತ ಪ್ರೀಮಿಯರ್ ಲೀಗ್ ನಿಯಮ ಇಟ್ಟಿತ್ತು. ಅದನ್ನು ಮೀರಿದ್ದಕ್ಕೆ 2023ರ ನವೆಂಬರಿನಲ್ಲಿ ಎವರ್ಟನ್ ಕ್ಲಬ್ಬಿನ 10 ಪಾಯಿಂಟ್ ಕತ್ತರಿಸಿದರು, ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ಐದು ಕೋಟಿಗೆ ಐದು ವರ್ಷದ ಕರಾರಿನಲ್ಲಿ ಒಬ್ಬನನ್ನು ತಂದರೆ ಲೆಕ್ಕದ ಪುಸ್ತಕದಲ್ಲಿ ವರ್ಷಕ್ಕೆ ಒಂದು ಕೋಟಿ ಅಂತ ಹಂಚಿ ಬರೆಯುತ್ತಾರೆ. ಸಂಬಳ ಅದರ ಮೇಲೆ. ಒಂದೇ ಬೇಸಿಗೆಯಲ್ಲಿ ಐದಾರು ಜನರನ್ನು ತಂದರೆ ಮುಂದಿನ ನಾಲ್ಕು ಬೇಸಿಗೆ ಕೈ ಕಟ್ಟಿದ ಹಾಗೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ, ಯಾರು ಹೋಗಬೇಕು ಅನ್ನೋದನ್ನು ಮೊದಲು ತೀರ್ಮಾನಿಸೋದು. ಲಿವರ್‌ಪೂಲ್ 2018ರ ಜನವರಿಯಲ್ಲಿ ತನ್ನ ಸ್ಟಾರ್ ಆಟಗಾರ ಕುಟಿನ್ಯೊನನ್ನು ಬಾರ್ಸಿಲೋನಾಕ್ಕೆ ಮಾರಿದಾಗ ಅಭಿಮಾನಿಗಳು ತಲೆ ಮೇಲೆ ಕೈ ಹೊತ್ತುಕೊಂಡರು. ಅದೇ ತಿಂಗಳು ಡಿಫೆನ್ಸ್‌ಗೆ ವಾನ್ ಡೈಕ್ ಸೇರಿದ. ಬೇಸಿಗೆಯಲ್ಲಿ ಗೋಲ್‌ಗೆ ಆಲಿಸನ್ ಬಂದ. ತೂತು ಎಲ್ಲಿತ್ತೋ ಅಲ್ಲೇ ದುಡ್ಡು ಹಾಕಿದರು, 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ ಲೀಗ್. ಇನ್ನೊಂದು ಕಡೆ ಫುಲಮ್, 2018ರಲ್ಲಿ ಮೇಲಿನ ದರ್ಜೆಗೆ ಬಂದ ಖುಷಿಗೆ 10 ಕೋಟಿ ಪೌಂಡಿಗಿಂತ ಜಾಸ್ತಿ ಖರ್ಚು ಮಾಡಿ ಒಂದು ಇಡೀ ತಂಡವನ್ನೇ ತಂದಿತು, ಒಂದೇ ಸೀಸನ್‌ಗೆ ವಾಪಸ್ ಕೆಳಗೆ. 2022ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಒಂದೇ ಬೇಸಿಗೆಗೆ 20ಕ್ಕೂ ಹೆಚ್ಚು ಜನರನ್ನು ತಂದು ಉಳಿದುಕೊಂಡಿತಲ್ಲ ಅಂತ ಕೇಳಬಹುದು. ಉಳಿಯಿತು, 16ನೇ ಸ್ಥಾನದಲ್ಲಿ. ಅದನ್ನು ನೋಡಿ ಬೇರೆಯವರು ಕಲಿಯೋಕೆ ಹೋಗಬಾರದು.

ಈಗೆಲ್ಲ ಡೇಟಾ ನೋಡಿಯೇ ಆಟಗಾರರನ್ನು ಆರಿಸುತ್ತಾರಂತೆ. ಹಾಗಾದರೆ ಮೈದಾನಕ್ಕೆ ಹೋಗಿ ನೋಡುವ ಸ್ಕೌಟ್‌ಗಳಿಗೆ ಕೆಲಸ ಇದೆಯಾ?
— ಕಾಲೇಜು ವಿದ್ಯಾರ್ಥಿ, ಶಿರಸಿ

ಇದೆ. ಡೇಟಾ ಮಾಡೋದು ಜರಡಿ ಹಿಡಿಯುವ ಕೆಲಸ. ಸಾವಿರಾರು ಹೆಸರಲ್ಲಿ ಇಪ್ಪತ್ತು ಉಳಿಯುತ್ತವೆ. ಆ ಇಪ್ಪತ್ತರಲ್ಲಿ ಪಾಸ್ ತಪ್ಪಿದ ಮೇಲೆ ಯಾರು ಓಡಿ ಬಂದು ಚೆಂಡು ಕಸಿಯುತ್ತಾನೆ, ಯಾರು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೆ, ಬದಲಿ ಆಟಗಾರ ಬಂದಾಗ ಯಾರು ಮುಖ ಗಂಟು ಹಾಕಿಕೊಂಡು ಹೊರಗೆ ನಡೆಯುತ್ತಾನೆ, ಇದನ್ನೆಲ್ಲ ಅಲ್ಲೇ ಕೂತು ನೋಡಬೇಕು. ಮಾಹ್ರೆಜ್ ಸಿಕ್ಕಿದ್ದೂ ಹಾಗೆಯೇ, ಲೆಸ್ಟರ್ ಕಡೆಯವರು ನೋಡೋಕೆ ಹೋಗಿದ್ದು ಅದೇ ತಂಡದ ಬೇರೊಬ್ಬನನ್ನು.

ಡೇಟಾದ ದೊಡ್ಡ ಉಪಯೋಗ ಅಂದರೆ ನಮ್ಮ ಪೂರ್ವಗ್ರಹಕ್ಕೆ ಅಡ್ಡ ನಿಲ್ಲೋದು. ಎನ್'ಗೊಲೊ ಕಾಂಟೆ ಕುಳ್ಳ ಅಂತ ಫ್ರಾನ್ಸಿನಲ್ಲಿ ಹಲವರು ಚಿಕ್ಕಂದಿನಲ್ಲೇ ಬಿಟ್ಟರು. ಅವನು ಚೆಂಡು ಕಸಿಯುವ ಲೆಕ್ಕ ಬೇರೆಯೇ ಹೇಳುತ್ತಿತ್ತು. 2015ರಲ್ಲಿ ಸುಮಾರು 56 ಲಕ್ಷ ಪೌಂಡಿಗೆ ಲೆಸ್ಟರ್‌ಗೆ ಬಂದ, ಮರುವರ್ಷವೇ ಚೆಲ್ಸಿ ಸುಮಾರು 3 ಕೋಟಿ ಪೌಂಡ್ ಕೊಟ್ಟು ಕರಕೊಂಡು ಹೋಯಿತು. ಈಜಿಪ್ಟಿನ ಮೊಹಮದ್ ಸಲಾ ಕಥೆಯೂ ಹೀಗೇ. ಚೆಲ್ಸಿಯಲ್ಲಿ ಸರಿಯಾಗಿ ಆಡೋಕೆ ಸಿಗದವನು ಇಂಗ್ಲೆಂಡಿಗೆ ಆಗಿಬರೋದಿಲ್ಲ ಅಂತ ಮಾತಿತ್ತು, ಲಿವರ್‌ಪೂಲ್‌ನ ಆಗಿನ ಕೋಚ್ ಕ್ಲಾಪ್‌ಗೂ ಮೊದಲು ಬೇರೊಬ್ಬನ ಮೇಲೆ ಕಣ್ಣಿತ್ತಂತೆ, ಕ್ಲಬ್ಬಿನ ಡೇಟಾ ನೋಡುವವರು ಪಟ್ಟು ಹಿಡಿದರು. 2017ರಲ್ಲಿ ಬಂದ, ಮೊದಲ ಸೀಸನ್‌ನಲ್ಲೇ ಲೀಗ್‌ನಲ್ಲಿ 32 ಗೋಲು.

ಲಂಡನ್ನಿನ ಬ್ರೆಂಟ್‌ಫರ್ಡ್ ಇದನ್ನೇ ಕಸುಬು ಮಾಡಿಕೊಂಡಿದೆ. ಕಡಿಮೆಗೆ ತರೋದು, ಆಡಿಸೋದು, ಮಾರೋದು. ಒಲಿ ವಾಟ್ಕಿನ್ಸ್‌ನನ್ನು 2017ರಲ್ಲಿ ನಾಲ್ಕನೇ ದರ್ಜೆಯ ಎಕ್ಸೆಟರ್‌ನಿಂದ ತಂದು, 2020ರಲ್ಲಿ 2.8 ಕೋಟಿ ಪೌಂಡಿಗೆ ಆಸ್ಟನ್ ವಿಲ್ಲಾಕ್ಕೆ ಕೊಟ್ಟರು. ಅಷ್ಟು ಒಳ್ಳೆಯವನನ್ನು ಮಾರಿಯೂ 2021ರಲ್ಲಿ ಮೇಲಿನ ದರ್ಜೆಗೆ ಹತ್ತಿದರು. 1947ರ ನಂತರ ಅದೇ ಮೊದಲು.

'ಫ್ರೀ ಟ್ರಾನ್ಸ್‌ಫರ್' ಅಂದರೆ ನಿಜವಾಗಿ ಪುಕ್ಕಟೆಯಾ?
— ಓದುಗ, ಅಂಕೋಲಾ

ಕರಾರು ಮುಗಿದ ಆಟಗಾರ ಹೀಗೆ ಬೇರೆ ಕ್ಲಬ್ಬಿಗೆ ಹೋದರೆ ಹಳೆ ಕ್ಲಬ್ಬಿಗೆ ಮಾತ್ರ ಏನೂ ಸಿಗೋದಿಲ್ಲ. ಆಟಗಾರನಿಗೆ ಸಹಿ ಹಾಕಿದ್ದಕ್ಕೆ ದೊಡ್ಡ ಮೊತ್ತ, ಏಜೆಂಟ್‌ಗೆ ಅವನ ಪಾಲು, ಸಂಬಳವೂ ಮಾಮೂಲಿಗಿಂತ ಜಾಸ್ತಿ. ಕರಾರು ಮುಗಿದವನು ಹೀಗೆ ಹೊರಡುವ ಹಕ್ಕು ಯುರೋಪಿನಲ್ಲಿ ಗಟ್ಟಿಯಾಗಿದ್ದು ಬಾಸ್ಮನ್ ಅನ್ನುವ ಆಟಗಾರನ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ ಕೊಟ್ಟ 1995ರ ತೀರ್ಪಿನಿಂದ. ಫ್ರಾನ್ಸಿನ ಸ್ಟಾರ್ ಎಂಬಾಪೆ 2024ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋಗಿದ್ದೂ 'ಫ್ರೀ'ಯಾಗೇ. ಪುಕ್ಕಟೆ ಅಂತ ಅನಿಸಿತಾ ನಿಮಗೆ?

ನಮ್ಮದು ಸಣ್ಣ ಕ್ಲಬ್. ಹಳಬರೆಲ್ಲ ಕೆಲಸ, ಸಂಸಾರ ಅಂತ ಬಿಟ್ಟರು. ಮಳೆಗಾಲದ ಟೂರ್ನಿಗೆ ಗೋವಾದಿಂದ ಮೂವರು ಫಾರ್ವರ್ಡ್‌ಗಳನ್ನು ದುಡ್ಡು ಕೊಟ್ಟು ಕರೆಸೋಣ ಅಂತ ಕೆಲವರ ಮಾತು. ಏನಂತೀರಿ?
— ಕ್ಲಬ್ಬಿನ ಕಾರ್ಯದರ್ಶಿ, ಕುಮಟಾ

ಮೂವರೂ ಫಾರ್ವರ್ಡ್ ಯಾಕೆ ಸ್ವಾಮಿ? ನಿಮ್ಮ ಕಡೆ ಯಕ್ಷಗಾನ ಗೊತ್ತಿಲ್ಲದವರಿಲ್ಲ. ತಿರುಗಾಟ ಮುಗಿದ ಮೇಲೆ ಮೇಳದ ಯಜಮಾನರು ಮುಂದಿನ ವರ್ಷಕ್ಕೆ ಕಲಾವಿದರನ್ನು ಗೊತ್ತುಮಾಡುವಾಗ ಮೊದಲು ಭಾಗವತರನ್ನು ನೋಡುತ್ತಾರೆ, ಆಮೇಲೆ ಸ್ತ್ರೀವೇಷ, ಹಾಸ್ಯ ಅಂತ ಯಾವ ಜಾಗ ಖಾಲಿಯೋ ಅದನ್ನು ತುಂಬುತ್ತಾರೆ. ಹೆಸರುವಾಸಿ ಅಂತ ಮೂವರು ಎರಡನೇ ವೇಷದವರನ್ನು ತಂದು ಭಾಗವತರೇ ಇಲ್ಲದಿದ್ದರೆ ರಾತ್ರಿ ಕಳೆಯೋದು ಹೇಗೆ? ಹಾಗೆ ನೋಡಿದರೆ ನಿಮಗೆ ಬೇಕಿರೋದು ನಡುವೆ ನಿಂತು ಆಟ ಕಟ್ಟುವ ಒಬ್ಬ ಅನುಭವಿ. ಅವನ ಸುತ್ತ ಊರಿನ ಹುಡುಗರು. ಬೆಂಗಳೂರು ಎಫ್‌ಸಿ 2013ರಲ್ಲಿ ಹೊಸದಾಗಿ ಶುರುವಾದಾಗ ಆಶ್ಲಿ ವೆಸ್ಟ್‌ವುಡ್ ಕೋಚ್, ಸುನಿಲ್ ಛೇಟ್ರಿ ನಾಯಕ. ಮೊದಲ ಸೀಸನ್‌ನಲ್ಲೇ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದರು.

ಇನ್ನೊಂದು ಮಾತು, ಯಾರೂ ಕೇಳದಿದ್ದರೂ ಹೇಳಿಬಿಡ್ತೇನೆ. ಹುಡುಗರನ್ನು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ (ಎಐಎಫ್‌ಎಫ್) ಸಿಆರ್‌ಎಸ್ ಅನ್ನುವ ನೋಂದಣಿ ವ್ಯವಸ್ಥೆಯಲ್ಲಿ ಸರಿಯಾಗಿ ನೋಂದಾಯಿಸಿ. ಆಟಗಾರ ಕರಾರಿನ ನಡುವೆ ಒಂದು ದೇಶದಿಂದ ಇನ್ನೊಂದಕ್ಕೆ ಮಾರಾಟವಾದರೆ ಆ ಮೊತ್ತದ 5%, ಅವನು 12ರಿಂದ 23ನೇ ವಯಸ್ಸಿನವರೆಗೆ ಆಡಿದ ಕ್ಲಬ್‌ಗಳಿಗೆ ಹಂಚಿಕೆಯಾಗಬೇಕು. ಇದು ಫಿಫಾ ನಿಯಮ. ದಾಖಲೆ ಇಲ್ಲದಿದ್ದರೆ ಯಾರೂ ಹುಡುಕಿಕೊಂಡು ಬರೋದಿಲ್ಲ.

ಮಗನಿಗೆ 15. ಒಬ್ಬರು 'ಯುರೋಪಿನ ಕ್ಲಬ್ಬಿಗೆ ಸೇರಿಸ್ತೇನೆ, ಟ್ರಯಲ್‌ಗೆ ಮೊದಲು ಮೂರು ಲಕ್ಷ ಕಟ್ಟಿ' ಅಂತಿದ್ದಾರೆ. ಕಟ್ಟಬಹುದಾ?
— ಒಬ್ಬ ತಾಯಿ, ಹೊನ್ನಾವರ

ಬೇಡ ಅಕ್ಕಾ. ಒಂದು ರೂಪಾಯಿಯನ್ನೂ ಕಟ್ಟಬೇಡಿ. 18 ತುಂಬದವರನ್ನು ಬೇರೆ ದೇಶದ ಕ್ಲಬ್ಬಿಗೆ ಸೇರಿಸಿಕೊಳ್ಳೋದನ್ನು ಫಿಫಾ ನಿಷೇಧಿಸಿದೆ. ಅಪ್ಪ ಅಮ್ಮ ಬೇರೆ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಅಂತ ಕೆಲವು ವಿನಾಯಿತಿ ಇದೆ, ಅದು ನಿಮಗೆ ಬರೋದಿಲ್ಲ. ನಿಜವಾಗಿ ಹುಡುಗ ಬೇಕು ಅನಿಸಿದ ಕ್ಲಬ್ ತಾನೇ ಖರ್ಚು ಮಾಡುತ್ತದೆ, ತಾಯಿಯ ಹತ್ತಿರ ಕೇಳೋದಿಲ್ಲ. ಲೈಸೆನ್ಸ್ ಇರುವ ಏಜೆಂಟರ ಪಟ್ಟಿ ಫಿಫಾ ಜಾಲತಾಣದಲ್ಲೇ ಇದೆ, ಆ ಮನುಷ್ಯನ ಹೆಸರು ಇದೆಯಾ ಅಂತ ಮಗನಿಂದಲೇ ಹುಡುಕಿಸಿ.

ಹುಡುಗ ಚೆನ್ನಾಗಿ ಆಡ್ತಾನೆ ಅಂದರೆ ಕೊಂಕಣ ರೈಲು ಹತ್ತಿದರೆ ಮಡಗಾಂವ್. ಎಫ್‌ಸಿ ಗೋವಾ, ಡೆಂಪೊ ಇವರೆಲ್ಲ ಕಿರಿಯರ ತಂಡ ನಡೆಸುತ್ತಾರೆ. ಇತ್ತ ಬೆಂಗಳೂರು ಎಫ್‌ಸಿಗೂ ಅಕಾಡೆಮಿ ಇದೆ. ಟ್ರಯಲ್ ಸುದ್ದಿಯನ್ನು ಕ್ಲಬ್ಬಿನ ಸ್ವಂತ ಪುಟದಲ್ಲೇ ನೋಡಿ, ವಾಟ್ಸ್ಆ್ಯಪ್ ಫಾರ್ವರ್ಡ್ ನಂಬಿ ಹೊರಡಬೇಡಿ. ಹೋಗುವಾಗ ಜನನ ಪ್ರಮಾಣಪತ್ರ, ಆಧಾರ್ ಎರಡೂ ಜೊತೆಗಿರಲಿ, ವಯಸ್ಸಿನ ವಿಷಯದಲ್ಲಿ ಈಗ ತುಂಬ ಬಿಗಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ತಾರೀಖಿಗೆ ಅಡ್ಡ ಬರದ ಟ್ರಯಲ್ ಆರಿಸಿಕೊಳ್ಳಿ.