ಮುಖ ಸೋರೆಕಾಯಿ ಥರ ಬರ್ತಿದೆ ಅಂದ ಅರಸೀಕೆರೆ ಮೇಷ್ಟ್ರಿಗೆ

ಮೇಷ್ಟ್ರೇ, ಕಂಪ್ಯೂಟರಿನಲ್ಲಿ 3ಡಿ ಆಕಾರ ಕೆತ್ತುವ ಉಚಿತ ಸಾಫ್ಟ್‌ವೇರ್ ಬ್ಲೆಂಡರ್ ಹಿಡಿದು ಎರಡು ತಿಂಗಳಾಯ್ತು, ಯಾವ ಮುಖ ಮಾಡಿದರೂ ಸೋರೆಕಾಯಿ ಆಗುತ್ತೆ, ದುಡ್ಡು ಕೊಟ್ಟು ಅದೇ ಥರದ ಇನ್ನೊಂದು ಸಾಫ್ಟ್‌ವೇರ್ ಝಡ್‌ಬ್ರಷ್ ತಗೊಳ್ಳಲಾ ಅಂತ ಕೇಳಿದ್ದೀರಿ. ದುಡ್ಡು ಜೇಬಲ್ಲೇ ಇರಲಿ. ನಿಮ್ಮ 8 ಜಿಬಿ ಲ್ಯಾಪ್‌ಟಾಪೂ ಸದ್ಯಕ್ಕೆ ಸಾಕು. ನೀವು ಹಾಕಿದ ಚಿತ್ರ ನೋಡಿದೆ. ತಲೆ ಇನ್ನೂ ಉಂಡೆಯಾಗಿರುವಾಗಲೇ ರೆಪ್ಪೆ, ತುಟಿಯ ಗೆರೆ ಎಲ್ಲ ಕೊರೆಯಲು ಕೂತಿದ್ದೀರಿ. ಅಲ್ಲೇ ಇರೋದು ಎಡವಟ್ಟು.

ನಾನೂ ಹಾಸನದಲ್ಲಿ ಕೆಲಸ ಮುಗಿಸಿ ರಾತ್ರಿ ಹೊತ್ತು ಇದನ್ನೇ ಮಾಡಿದವನು. ಸಣ್ಣ ಕೆತ್ತನೆ ಬೇಗ ಬರಲಿ ಅಂತ ಒಂದು ಸಲ ರೀಮೆಶ್‌ನಲ್ಲಿ (ಮೇಲ್ಮೈಯನ್ನು ಒಂದೇ ಅಳತೆಯ ಚೌಕಗಳಿಂದ ಮತ್ತೆ ಕಟ್ಟೋದು) ವಾಕ್ಸೆಲ್ ಸೈಜ್, ಅಂದ್ರೆ ಆ ಚೌಕದ ಅಳತೆ, 0.01 ಬದಲು 0.001 ಹಾಕಿಬಿಟ್ಟೆ. ಫ್ಯಾನು ಹಿಟ್ಟಿನ ಗಿರಣಿ ಥರ ಕೂಗಿತು, ಸ್ಕ್ರೀನ್ ಹಾಗೇ ನಿಂತಿತು. ಸೇವ್ ಮಾಡಿರಲಿಲ್ಲ, ಮೂರು ರಾತ್ರಿಯ ಕೆಲಸ ಹೋಯ್ತು. ಆ ನಂಬರ್ ಅರ್ಧಕ್ಕೆ ಇಳಿಸಿದರೆ ಮೇಲ್ಮೈಯ ಚೌಕಗಳು ಸುಮಾರು ನಾಲ್ಕು ಪಟ್ಟು ಆಗುತ್ತವೆ. ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ ನೂರು ಪಟ್ಟು!

ಹಾಗಾಗಿ ಗೋಳ ತಗೊಂಡು ವಾಕ್ಸೆಲ್ ಸೈಜ್ 0.1ರಲ್ಲೇ ಶುರು ಮಾಡಿ. ಎಕ್ಸ್ ಸಿಮೆಟ್ರಿ ಆನ್ ಇರಲಿ, ಒಂದು ಮಗ್ಗುಲು ಮಾಡಿದ್ದು ಇನ್ನೊಂದು ಮಗ್ಗುಲಿಗೂ ಬರುತ್ತೆ. ಮೊದಲ ಒಂದು ವಾರ ಹಿಡಿದು ಎಳೆಯುವ ಗ್ರ್ಯಾಬ್ ಬ್ರಷ್ ಬಿಟ್ಟು ಬೇರೆ ಮುಟ್ಟಬೇಡಿ. ತಲೆಯ ಹಿಂಭಾಗ ಎಳೆಯಿರಿ, ದವಡೆ ಎಳೆಯಿರಿ, ಕತ್ತು ತೆಗೆಯಿರಿ. ಕಣ್ಣು ತಲೆಯ ಎತ್ತರದ ಸರೀ ಮಧ್ಯಕ್ಕೆ ಬರಬೇಕು. ನಾವೆಲ್ಲ ಹಣೆಯನ್ನು ಮರೆತು ಕಣ್ಣನ್ನು ಮೇಲಕ್ಕೆ ಇಟ್ಟುಬಿಡುತ್ತೇವೆ, ನಿಮ್ಮದರಲ್ಲೂ ಹಾಗೇ ಆಗಿದೆ. ಕಣ್ಣಿನ ಗುಡ್ಡೆಯನ್ನು ಕೊರೆಯಬೇಡಿ. ಬೇರೆ ಗೋಳ ತಂದು ಗುಳಿಯಲ್ಲಿ ಕೂರಿಸಿ, ಅದರ ಮೇಲೆ ಮಣ್ಣಿನ ಪಟ್ಟಿ ಮೆತ್ತಿದ ಹಾಗೆ ಕೆಲಸ ಮಾಡುವ ಕ್ಲೇ ಸ್ಟ್ರಿಪ್ಸ್ ಬ್ರಷ್‌ನಿಂದ ರೆಪ್ಪೆ ಹೊದಿಸಿ. ರೆಪ್ಪೆಗೆ ಆಗ ತಾನಾಗೇ ದಪ್ಪ ಬರುತ್ತೆ.

ಆಗಾಗ ಲೈಟಿಂಗ್ ಫ್ಲಾಟ್ ಮಾಡಿ, ಬಣ್ಣ ಕಪ್ಪು ಮಾಡಿ ತಿರುಗಿಸಿ ನೋಡಿ. ಬರೀ ನೆರಳಲ್ಲೇ ಮನುಷ್ಯನ ತಲೆ ಅಂತ ಗೊತ್ತಾಗಬೇಕು. ಗಲ್ಲದ ಕೆಳಗಿನಿಂದಲೂ ನೋಡಿ, ತಪ್ಪು ಅಲ್ಲೇ ಸಿಕ್ಕಿಬೀಳೋದು. ಸರಿ ಅನಿಸಿದ ಮೇಲೆ ವಾಕ್ಸೆಲ್ ಸೈಜ್ 0.05 ಮಾಡಿ ಕಂಟ್ರೋಲ್ ಆರ್ ಒತ್ತಿ, ರೀಮೆಶ್ ಆಗುತ್ತೆ. ಆಮೇಲೆ 0.025.

ಇದನ್ನು ಕಲ್ಲಿನ ಕೆಲಸ ಅಂದುಕೊಳ್ಳಬೇಡಿ, ಮಣ್ಣಿನ ಕೆಲಸ. ಕಲ್ಲಲ್ಲಿ ಹೋದ ಚಕ್ಕೆ ಹೋಯ್ತು, ಇಲ್ಲಿ ಮತ್ತೆ ಮೆತ್ತಬಹುದು. ಗೌರಿ ಹಬ್ಬದ ಮುಂಚೆ ಗಣಪತಿ ಮಾಡುವವರ ಹತ್ತಿರ ಒಂದು ಗಂಟೆ ಸುಮ್ನೆ ಕೂತು ಬನ್ನಿ. ಮಣೆಯ ಮೇಲೆ ಮೊದಲು ಹೊಟ್ಟೆಯ ಮುದ್ದೆ ಕೂರುತ್ತೆ. ಕಣ್ಣು ಬರೆಯೋದು ಎಲ್ಲ ಆದ ಮೇಲೆ.

ಅಭ್ಯಾಸಕ್ಕೆ ಇಂಟರ್‌ನೆಟ್ ಚಿತ್ರ ಯಾಕೆ, ಹಳೇಬೀಡು ನಿಮಗೆ ಪಕ್ಕದಲ್ಲೇ ಇದೆ ಅಲ್ವಾ? ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ತೀರಾ ಕೆಳಗಿನ ಸಾಲು ಆನೆಗಳದ್ದು. ಒಂದೇ ಒಂದು ಆನೆ ಆರಿಸಿಕೊಂಡು, ಮೊದಲು ಪೆನ್ಸಿಲ್‌ನಲ್ಲಿ ಬೆನ್ನು, ತಲೆ, ಸೊಂಡಿಲು ಮೂರೇ ಆಕಾರ ಬರೆಯಿರಿ. ಗುಡಿಯ ಮುಖ ಪೂರ್ವಕ್ಕಿದೆ, ಹಿಂದಿನ ಗೋಡೆಗೆ ಮಧ್ಯಾಹ್ನದ ಮೇಲೆ ಬಿಸಿಲು ಬೀಳುತ್ತೆ. ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ, ಓರೆ ಬೆಳಕಲ್ಲಿ ಉಬ್ಬುತಗ್ಗು ಚೆನ್ನಾಗಿ ಕಾಣುತ್ತೆ. ಗೋಡೆಯೊಳಗೆ ಹೂತ ಇನ್ನೊಂದು ಮಗ್ಗುಲನ್ನು ನೀವೇ ಯೋಚಿಸಿ ಮಾಡಬೇಕು. ನಿಜವಾದ ಪಾಠ ಅದೇ. ಬೇಲೂರಿನ ದರ್ಪಣ ಸುಂದರಿಗೆ ಮಾತ್ರ ಈಗಲೇ ಕೈ ಹಾಕಬೇಡಿ. ಆ ಒಡವೆಗಳಲ್ಲಿ ಸಿಕ್ಕಿಕೊಂಡರೆ ವರ್ಷ ಕಳೆದರೂ ಹೊರಗೆ ಬರಲ್ಲ. ನಾನು ಒಂದು ಸರದ ಮಣಿಗಳಲ್ಲೇ ಎರಡು ತಿಂಗಳು ಕಳೆದೆ.

ಟ್ಯಾಬ್ಲೆಟ್ ಪೆನ್ ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ಗೆರೆ ಒಂದೇ ಥರ ಬರುತ್ತೆ ಅಂದಿದ್ರಲ್ಲ, ಬ್ಲೆಂಡರ್ ಪ್ರಿಫರೆನ್ಸಸ್‌ನ ಇನ್‌ಪುಟ್‌ನಲ್ಲಿ ಟ್ಯಾಬ್ಲೆಟ್ ಎಪಿಐ ಅಂತ ಇದೆ. ವಿಂಡೋಸ್ ಇಂಕ್, ವಿನ್‌ಟ್ಯಾಬ್ ಎರಡನ್ನೂ ಬದಲಿಸಿ ನೋಡಿ.

ಆನೆ ಆದ ಮೇಲೆ ಇಲ್ಲೇ ಹಾಕಿ ಮೇಷ್ಟ್ರೇ. ನಾಲ್ಕೂ ಕಡೆಯಿಂದ ಬೇಕು, ಚೆನ್ನಾಗಿ ಕಾಣುವ ಮಗ್ಗುಲು ಮಾತ್ರ ಅಲ್ಲ.