ಕೆಳಗೆ ಅಂಗಡಿ, ಮೇಲೆ ಮನೆ: ಕಲಬುರಗಿಯ 30×40 ಪ್ಲಾಟಿನಲ್ಲಿ ಎಷ್ಟು ಸಾಧ್ಯ?

ಪ್ರಶ್ನೆ: ಕಲಬುರಗಿಯಲ್ಲಿ ಸೇಡಂ ರಸ್ತೆಯ ಒಳಭಾಗದ ಅನುಮೋದಿತ ಬಡಾವಣೆಯೊಂದರಲ್ಲಿ ನಮ್ಮದು 30×40 ಅಡಿಯ ಪ್ಲಾಟ್ ಇದೆ. ಮುಂದೆ 30 ಅಡಿ ರಸ್ತೆ. ಕೆಳಗೆ ಎರಡು ಶಟರ್ ಹಾಕಿಸಿ, ಒಂದರಲ್ಲಿ ಅವ್ವನ ಜೋಳದ ರೊಟ್ಟಿ ಕೇಂದ್ರ ನಡೆಸಿ, ಇನ್ನೊಂದನ್ನು ಮೆಡಿಕಲ್ ಅಂಗಡಿಗೆ ಬಾಡಿಗೆ ಕೊಟ್ಟು, ಮೇಲೆ ಎರಡು ಮನೆ ಕಟ್ಟಬೇಕೆಂದಿದ್ದೇವೆ. ‘ಮನೆ ನಕ್ಷೆಗೇ ಪರವಾನಗಿ ತಗೊಳ್ರಿ, ಕೆಳಗೆ ಪಾರ್ಕಿಂಗ್ ಅಂತ ತೋರಿಸ್ರಿ, ಆಮ್ಯಾಲೆ ಶಟರ್ ಹಾಕಿಸ್ರಿ’ ಎಂದು ಗುತ್ತಿಗೆದಾರರು ಹೇಳುತ್ತಾರೆ. ಇಂಥ ಮಿಶ್ರ ಬಳಕೆಗೆ ನಿಯಮ ಏನಿದೆ?

ಉತ್ತರ:

ನಾನು ಕಲಬುರಗಿಯಲ್ಲಿ ಕಟ್ಟಡಗಳ ನಕ್ಷೆ ಮಾಡುವ ಸಿವಿಲ್ ಎಂಜಿನಿಯರ್. ನಿಮ್ಮಂಥ ಪ್ಲಾಟುಗಳೇ ನನ್ನ ದಿನನಿತ್ಯದ ಕೆಲಸ. ಗುತ್ತಿಗೆದಾರರು ಹೇಳಿದ ದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಕಟ್ಟಡವನ್ನು ಹೇಗೆ ಬಳಸಲಿದ್ದೀರೋ ನಕ್ಷೆಯಲ್ಲಿ ಹಾಗೆಯೇ ತೋರಿಸಿ. ಸಿಕ್ಕಿಬೀಳುವ ಭಯ ಇದಕ್ಕೆ ಒಂದು ಕಾರಣ ಮಾತ್ರ. ರಸ್ತೆಯ ಅಗಲ, ಸುತ್ತ ಬಿಡಬೇಕಾದ ಜಾಗ, ವಾಹನದ ಜಾಗ, ಮೆಟ್ಟಿಲಿನ ಅಗಲ ಎಲ್ಲವೂ ಬಳಕೆಯನ್ನು ನೋಡಿಯೇ ನಿಗದಿಯಾಗುವುದರಿಂದ, ಬಳಕೆಯನ್ನು ಮುಚ್ಚಿಟ್ಟ ನಕ್ಷೆಯಲ್ಲಿ ಇವುಗಳಲ್ಲಿ ಒಂದೂ ಸರಿಯಾಗಿ ಕೂರುವುದಿಲ್ಲ.

ಮೊದಲು ಅಂಗಡಿಗೆ ಅವಕಾಶ ಇದೆಯೇ ಎಂಬ ಮಾತು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿಯಲ್ಲಿ ಪ್ರತಿ ಯೋಜನಾ ಪ್ರದೇಶಕ್ಕೂ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್, ತಯಾರಾಗುತ್ತದೆ. ಅದರ ಜೊತೆಗೇ ವಲಯ ನಿಯಮಾವಳಿಯೂ ಇರುತ್ತದೆ. ನಕ್ಷೆಯಲ್ಲಿ ಹಳದಿ ಬಣ್ಣದ್ದು ವಸತಿ ವಲಯ, ನೀಲಿ ವಾಣಿಜ್ಯ ವಲಯ, ನೇರಳೆ ಕೈಗಾರಿಕಾ ವಲಯ. ವಸತಿ ವಲಯವೆಂದರೆ ಅಂಗಡಿಯೇ ಇರಬಾರದು ಎಂದು ಬಹಳ ಜನ ತಿಳಿದಿದ್ದಾರೆ, ಅದು ಸರಿಯಲ್ಲ. ನಿಯಮಾವಳಿಯಲ್ಲಿ ಪ್ರತಿ ವಲಯಕ್ಕೂ ಎರಡು ಪಟ್ಟಿಗಳಿರುತ್ತವೆ: ಒಂದು ನೇರವಾಗಿ ಅನುಮತಿಸಬಹುದಾದ ಉಪಯೋಗಗಳದ್ದು, ಇನ್ನೊಂದು ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರವು ಪರಿಶೀಲಿಸಿ ಅನುಮತಿಸಬಹುದಾದ ಉಪಯೋಗಗಳದ್ದು. ಓಣಿಯ ಜನರಿಗೆ ಬೇಕಾದ ಚಿಕ್ಕ ಅಂಗಡಿ, ದವಾಖಾನೆ, ಕಡಿಮೆ ಎಚ್‌ಪಿಯ ಮೋಟರ್ ಬಳಸುವ ಸೇವಾ ಉದ್ಯಮಗಳ ವಿಷಯವನ್ನು ಈ ಪಟ್ಟಿಗಳಲ್ಲಿಯೇ ಹುಡುಕಬೇಕು. ನಿಮ್ಮ ಮೆಡಿಕಲ್ ಅಂಗಡಿಯನ್ನು ಚಿಲ್ಲರೆ ಮಾರಾಟವೆಂದು ನೋಡಲಾಗುತ್ತದೆ. ರೊಟ್ಟಿ ಕೇಂದ್ರದಲ್ಲಿ ಹಿಟ್ಟು ನಾದುವ ಯಂತ್ರವೋ ಗಿರಣಿಯೋ ಇದ್ದರೆ ಮೋಟರಿನ ಎಚ್‌ಪಿಯನ್ನು ಕೇಳಿಯೇ ಕೇಳುತ್ತಾರೆ. ಎರಡೂ ಒಂದೇ ಛಾವಣಿಯ ಕೆಳಗಿದ್ದರೂ ಬೇರೆ ಬೇರೆ ಬಳಕೆಗಳೆಂಬುದು ನೆನಪಿರಲಿ.

ಆದ್ದರಿಂದ ಅಡಿಪಾಯಕ್ಕೆ ಗುರುತು ಹಾಕುವ ಮುನ್ನ ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಿ, ನಿಮ್ಮ ಸರ್ವೆ ನಂಬರು ಮತ್ತು ಬಡಾವಣೆಯ ಅನುಮೋದಿತ ನಕ್ಷೆಯನ್ನು ತೋರಿಸಿ, ಆ ಜಾಗದ ಭೂ ಉಪಯೋಗ ಯಾವುದೆಂದು ಲಿಖಿತವಾಗಿ ಪಡೆಯಿರಿ. ಮಹಾಯೋಜನೆ, ಭೂ ಉಪಯೋಗ, ಬಡಾವಣೆಯ ಅನುಮೋದನೆ ಪ್ರಾಧಿಕಾರಕ್ಕೆ ಸೇರಿದ್ದು. ಕಟ್ಟಡ ಪರವಾನಗಿ ಮಹಾನಗರ ಪಾಲಿಕೆಗೆ ಸೇರಿದ್ದು. ಪ್ಲಾಟನ್ನು ಪ್ರಾಧಿಕಾರವೇ ಹಂಚಿದ್ದರೆ ಹಂಚಿಕೆ ಪತ್ರದ ಷರತ್ತುಗಳನ್ನೂ ಓದಿಕೊಳ್ಳಿ. ವಾಸಕ್ಕೆ ಮಾತ್ರ ಎಂಬ ಷರತ್ತು ಅದರಲ್ಲಿದ್ದರೆ, ವಲಯದ ಪಟ್ಟಿಯಲ್ಲಿ ಅವಕಾಶವಿದ್ದ ಮಾತ್ರಕ್ಕೆ ಆ ಷರತ್ತು ಬಿದ್ದುಹೋಗುವುದಿಲ್ಲ.

ಎರಡನೆಯದು ರಸ್ತೆ. ಮಿಶ್ರ ಬಳಕೆಯ ನಿಯಮಗಳೆಲ್ಲ ರಸ್ತೆಯ ಅಗಲದ ಸುತ್ತಲೇ ತಿರುಗುತ್ತವೆ, ಅದು ನ್ಯಾಯವೂ ಹೌದು. 30 ಅಡಿಯೆಂದರೆ ಸುಮಾರು 9 ಮೀಟರ್; ಎರಡೂ ಕಡೆ ಗಟಾರ ಕಳೆದು, ಒಂದು ಬದಿಗೆ ಬೈಕುಗಳು ನಿಂತರೆ, ನೀರಿನ ಟ್ಯಾಂಕರೋ ಅಗ್ನಿಶಾಮಕ ವಾಹನವೋ ಬರುವ ಹೊತ್ತಿಗೆ ಉಳಿಯುವ ಜಾಗ ಬಹಳ ಕಡಿಮೆ. ಅಗಲವನ್ನು ಡಾಂಬರಿನ ಅಂಚಿನಿಂದ ಅಂಚಿಗೆ ಅಳೆಯುವುದಿಲ್ಲ, ಗಟಾರ ಸೇರಿಸಿ ಪ್ಲಾಟಿನ ಗಡಿಯಿಂದ ಎದುರು ಪ್ಲಾಟಿನ ಗಡಿಯವರೆಗೆ ಅಳೆಯುತ್ತಾರೆ. ಮಹಾಯೋಜನೆಯಲ್ಲಿ ಆ ರಸ್ತೆಯ ಅಗಲೀಕರಣದ ಪ್ರಸ್ತಾವವಿದ್ದರೆ, ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಬಿಡಬೇಕಾದ ಜಾಗವನ್ನು, ಆ ಹೊಸ ಗೆರೆಯಿಂದ ಲೆಕ್ಕ ಹಾಕಬೇಕಾಗುತ್ತದೆ, ಇಂದಿನ ಕಾಂಪೌಂಡಿನಿಂದ ಅಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆ ಹೇಳಬೇಕು. ಯೂಟ್ಯೂಬಿನಲ್ಲಿ ನೋಡಿ ಬಂದವರು ‘ಒಟ್ಟು ಕಟ್ಟಡದ 20 ಪ್ರತಿಶತ ಅಥವಾ 50 ಚದರ ಮೀಟರ್, ಯಾವುದು ಹೆಚ್ಚೋ ಅಷ್ಟು ಅಂಗಡಿ ಮಾಡಬಹುದು’ ಎಂದು ನನ್ನೊಡನೆ ವಾದಿಸುವುದುಂಟು. ಅದು 2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ-2015ರ ಮುಖ್ಯ ವಸತಿ ವಲಯದ ಲೆಕ್ಕ. ಬೆಂಗಳೂರಿನ ಯೋಜನಾ ಪ್ರದೇಶದ ಆಚೆ ಅದು ಅನ್ವಯಿಸುವುದಿಲ್ಲ. ಕಲಬುರಗಿಯ ಪ್ಲಾಟಿಗೆ ಕಲಬುರಗಿಯ ಮಹಾಯೋಜನೆಯ ನಿಯಮಾವಳಿಯೇ ಆಧಾರ. ಅದರ ಸಂಬಂಧಪಟ್ಟ ಪುಟದ ಪ್ರತಿಯನ್ನು ಕೇಳಿ ತೆಗೆದುಕೊಂಡು, ಅದನ್ನು ಇಟ್ಟುಕೊಂಡೇ ನಕ್ಷೆ ಮಾಡಿಸಿ.

ಈಗ ಪ್ಲಾಟಿನ ಮೇಲೆ ನಿಂತು ಅಳೆಯೋಣ. ಎಫ್‌ಎಆರ್ ಎಂದರೆ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣವನ್ನು ಪ್ಲಾಟಿನ ವಿಸ್ತೀರ್ಣದಿಂದ ಭಾಗಿಸಿದ ಸಂಖ್ಯೆ. ನಿಮ್ಮದು 1200 ಚದರ ಅಡಿ, ಎಫ್‌ಎಆರ್ 1.75 ಇದೆಯೆಂದುಕೊಂಡರೆ ಒಟ್ಟು 2100 ಚದರ ಅಡಿ ಕಟ್ಟಬಹುದು. ನಿಜವಾದ ಇಕ್ಕಟ್ಟು ಬರುವುದು ಮುಂಭಾಗದ 30 ಅಡಿಯಲ್ಲಿ. ಎರಡೂ ಪಕ್ಕದಲ್ಲಿ ತಲಾ ಒಂದು ಮೀಟರ್ ಬಿಟ್ಟರೆ ಉಳಿಯುವುದು ಸುಮಾರು ಇಪ್ಪತ್ಮೂರೂವರೆ ಅಡಿ. ಒಂದು ಕಾರಿನ ಜಾಗಕ್ಕೆ ಸಾಮಾನ್ಯವಾಗಿ ಹಿಡಿಯುವ ಅಳತೆ 2.5 ಮೀಟರ್ ಅಗಲ, 5.5 ಮೀಟರ್ ಉದ್ದ. ಅಂದರೆ ಅಗಲದಲ್ಲಿ ಎಂಟೂ ಕಾಲು ಅಡಿ ಹೋಯಿತು. ಮೇಲಿನ ಮನೆಗಳಿಗೆ ಪ್ರತ್ಯೇಕ ಮೆಟ್ಟಿಲಿಗೆ ಕಡಿಮೆಯೆಂದರೂ ಮೂರೂವರೆ ಅಡಿ ಹಿಡಿಯಿರಿ. ಗೋಡೆಗಳ ದಪ್ಪ ಕಳೆದರೆ ಅಂಗಡಿಗೆ ಒಳ ಅಳತೆಯಲ್ಲಿ ಉಳಿಯುವುದು 9 ಅಡಿಯ ಆಸುಪಾಸು. ಮೆಟ್ಟಿಲನ್ನು ಕಾರಿನ ಜಾಗದ ಹಿಂದಕ್ಕೆ ಸರಿಸಿದರೆ ಅದೇ ಅಂಗಡಿ ಹನ್ನೆರಡು ಅಡಿಗೆ ಹಿಗ್ಗುತ್ತದೆ, ಎರಡನೆಯ ಶಟರ್ ಮಾತ್ರ ಕೂರುವುದಿಲ್ಲ. ಗುತ್ತಿಗೆದಾರರು ಹೇಳುವ ಎರಡು ಶಟರ್ ಬರುವುದು ಕಾರಿನ ಜಾಗವನ್ನು ನುಂಗಿಯೇ.

ನುಂಗಿದರೆ ಏನಾಗುತ್ತದೆಂಬುದನ್ನು ನಮ್ಮ ಒಳರಸ್ತೆಗಳಲ್ಲಿ ನಿತ್ಯ ನೋಡುತ್ತೇವೆ. ಶಟರ್ ಪ್ಲಾಟಿನ ಗಡಿಗೇ ಬಂದು ನಿಂತಿರುತ್ತದೆ. ಒಳಗೆ ಜಾಗವಿಲ್ಲದ ಕಾರಣ ಹತ್ತುವ ಪಾವಟಿಗೆಗಳು ಹೊರಗೆ ಬರುತ್ತವೆ. ಅವು ನಿಲ್ಲಲೆಂದು ಗಟಾರದ ಮೇಲೆ ಶಹಾಬಾದ್ ಫರಸಿ ಹಾಸಿ ಸಿಮೆಂಟಿನಿಂದ ಮೆತ್ತಿರುತ್ತಾರೆ. ಮಳೆಗಾಲದಲ್ಲಿ ಆ ಫರಸಿಯ ಕೆಳಗೆ ಪ್ಲಾಸ್ಟಿಕ್ಕು, ಮಣ್ಣು ಕಟ್ಟಿಕೊಂಡು ನೀರು ತಿರುಗಿ ಪಕ್ಕದ ಮನೆಯಂಗಳಕ್ಕೆ ನುಗ್ಗುತ್ತದೆ. ತೆಗೆದು ಸ್ವಚ್ಛ ಮಾಡೋಣವೆಂದರೆ ಫರಸಿಯನ್ನು ಒಡೆಯದೆ ಬೇರೆ ದಾರಿಯಿರುವುದಿಲ್ಲ. ಮೇಲಿನ ಮನೆಗೆ ಹೋಗುವ ಮೆಟ್ಟಿಲು ಅಂಗಡಿಯ ಹಿಂಬಾಗಿಲ ಪಕ್ಕದಲ್ಲಿದ್ದು, ಅಲ್ಲಿ ರಟ್ಟಿನ ಡಬ್ಬಿ, ಜೋಳದ ಚೀಲ, ಗ್ಯಾಸ್ ಸಿಲಿಂಡರ್ ಸಾಲಾಗಿ ನಿಂತಿರುತ್ತವೆ.

ಮೆಟ್ಟಿಲಿನ ವಿಷಯಕ್ಕೆ ನಾನು ಇಷ್ಟು ಒತ್ತು ಕೊಡುವುದು ಅದಕ್ಕಾಗಿಯೇ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಬಳಕೆಗಳಿದ್ದು, ಅವುಗಳ ನಡುವೆ ಬೆಂಕಿ ತಡೆಯುವ ಪ್ರತ್ಯೇಕತೆ ಇಲ್ಲದಿದ್ದರೆ, ಹೆಚ್ಚು ಕಟ್ಟುನಿಟ್ಟಾದ ಬಳಕೆಯ ನಿಯಮವೇ ಇಡೀ ಕಟ್ಟಡಕ್ಕೆ ಅನ್ವಯಿಸುತ್ತದೆ. ವಾಸದ ಮನೆಗಿಂತ ವ್ಯಾಪಾರದ ಕಟ್ಟಡಕ್ಕೆ ಅದು ಕೇಳುವ ಮೆಟ್ಟಿಲು ಅಗಲವಾದದ್ದು. ನಿಮ್ಮ ಮನೆಯವರು ಮಲಗುವುದು ರೊಟ್ಟಿ ಒಲೆಗಳ ಮೇಲಿನ ಮಹಡಿಯಲ್ಲಿ. ವ್ಯಾಪಾರಕ್ಕೆ ಮನೆಬಳಕೆಯ 14.2 ಕಿಲೋ ಸಿಲಿಂಡರ್ ಬಳಸುವಂತಿಲ್ಲ, ವಾಣಿಜ್ಯ ಬಳಕೆಯದ್ದೇ ಬೇಕು, ಸಾಮಾನ್ಯವಾಗಿ 19 ಕಿಲೋದ್ದು. ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಎಲ್‌ಪಿಜಿ 100 ಕಿಲೋವರೆಗೆ ಮಾತ್ರ, ಅಂದರೆ ತುಂಬಿದ ಐದು ಸಿಲಿಂಡರ್. ಎಲ್‌ಪಿಜಿ ಗಾಳಿಗಿಂತ ಭಾರವಾದುದರಿಂದ ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ; ಸಿಲಿಂಡರನ್ನು ತಗ್ಗು ಜಾಗದಲ್ಲಾಗಲಿ ಮೆಟ್ಟಿಲಿನ ಕೆಳಗಾಗಲಿ ಇಡಲೇಬೇಡಿ. ಮನೆಯ ಮೆಟ್ಟಿಲು ನೇರವಾಗಿ ಹೊರಗೆ ತೆರೆಯಬೇಕು, ಅಂಗಡಿಯೊಳಗಿಂದಾಗಲಿ ಅಡುಗೆಯ ಕೋಣೆಯ ಪಕ್ಕದಿಂದಾಗಲಿ ಇಳಿಯುವಂತಿರಬಾರದು. ನಮ್ಮ ಊರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಸಾಲು ಒಲೆಗಳಿಂದ ಏಳುವ ಕಾವು ಹೊರಹೋಗಲು ಹಿಂಬದಿಯ ತೆರೆದ ಜಾಗ ಬೇಕೇ ಬೇಕು. ಅಲ್ಲಿ ಶೀಟು ಹಾಕಿ ಮುಚ್ಚಿದರೆ ಕೆಳಗೆ ದುಡಿಯುವ ಹೆಣ್ಣುಮಕ್ಕಳು ಬೇಯುತ್ತಾರೆ, ಮೇಲಿನ ಮನೆಗೂ ಗಾಳಿ ಹೋಗುವುದಿಲ್ಲ.

‘ಆಮ್ಯಾಲೆ ಶಟರ್’ ಎಂಬ ಸಲಹೆಯ ಕಾನೂನಿನ ಮಗ್ಗುಲನ್ನೂ ಹೇಳುತ್ತೇನೆ. 1961ರ ಕಾಯ್ದೆಯಲ್ಲಿ ಗೋಡೆ ಕಟ್ಟುವುದಷ್ಟೇ ಅಭಿವೃದ್ಧಿ ಕಾರ್ಯವಲ್ಲ. ಇದ್ದ ಕಟ್ಟಡದ ಬಳಕೆಯಲ್ಲಿ ಗಣನೀಯ ಬದಲಾವಣೆ ಮಾಡುವುದೂ ಅನುಮತಿ ಬೇಕಾದ ಅಭಿವೃದ್ಧಿಯೇ. ಪಾಲಿಕೆಯ 1976ರ ಕಾಯ್ದೆಯ 321ನೇ ಕಲಮಿನಡಿ, ಪರವಾನಗಿಗೆ ವಿರುದ್ಧವಾಗಿ ಕಟ್ಟಿದ್ದನ್ನು ನೋಟಿಸ್ ಕೊಟ್ಟು ತೆರವುಗೊಳಿಸುವ ಅಧಿಕಾರ ಆಯುಕ್ತರಿಗಿದೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೀರತ್ತಿನ ಪ್ರಕರಣವೂ ಹೆಚ್ಚುಕಡಿಮೆ ನಿಮ್ಮ ಗುತ್ತಿಗೆದಾರರ ಸಲಹೆಯಂಥದ್ದೇ: ವಾಸಕ್ಕೆಂದು ಹಂಚಿದ ಪ್ಲಾಟಿನಲ್ಲಿ ಅಂಗಡಿಗಳನ್ನು ಕಟ್ಟಿದ್ದರು, ವರ್ಷಗಟ್ಟಲೆ ನಡೆದು ಬಂದಿದೆ ಎಂಬ ವಾದವನ್ನು ನ್ಯಾಯಾಲಯ ಒಪ್ಪದೆ ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ, ಪೂರ್ಣಗೊಂಡ ಅಥವಾ ವಾಸಯೋಗ್ಯವೆಂಬ ಪ್ರಮಾಣಪತ್ರ ನೋಡಿಯೇ ವಿದ್ಯುತ್ ಸಂಪರ್ಕ ಕೊಡಬೇಕು, ಅನಧಿಕೃತ ಕಟ್ಟಡದಲ್ಲಿ ವ್ಯಾಪಾರಕ್ಕೆ ಲೈಸೆನ್ಸ್ ಕೊಡಬಾರದು, ಬ್ಯಾಂಕುಗಳು ಆ ಪ್ರಮಾಣಪತ್ರ ಪರಿಶೀಲಿಸಿಯೇ ಸಾಲ ಕೊಡಬೇಕು ಎಂಬ ನಿರ್ದೇಶನಗಳೂ ಇವೆ. ಇನ್ನು ಮನೆಯ ಮೀಟರಿನಿಂದ ಅಂಗಡಿ ನಡೆಸಿದರೆ ಅದು ವಿದ್ಯುತ್ ಕಾಯ್ದೆ, 2003ರ 126ನೇ ಕಲಮಿನಲ್ಲಿ ಬರುವ ಅನಧಿಕೃತ ಬಳಕೆ; ಅನ್ವಯಿಸುವ ದರದ ಎರಡು ಪಟ್ಟು ಹಾಕುತ್ತಾರೆ. ಅಂಗಡಿಗೆ ಜೆಸ್ಕಾಂನಿಂದ ಪ್ರತ್ಯೇಕ ವಾಣಿಜ್ಯ ಮೀಟರ್ ಹಾಕಿಸಿಕೊಳ್ಳಿ. ಆಸ್ತಿ ತೆರಿಗೆಯನ್ನೂ ಅಂಗಡಿಯ ಭಾಗಕ್ಕೆ ವಾಣಿಜ್ಯವೆಂದೇ ಘೋಷಿಸಿ.

‘ಹಾಗಾದರೆ ಪ್ಲಾಟನ್ನೇ ವಾಣಿಜ್ಯಕ್ಕೆ ಬದಲಿಸಿಕೊಂಡರೆ?’ ಎಂದು ನೀವು ಮುಂದೆ ಕೇಳಬಹುದು. 1961ರ ಯೋಜನಾ ಕಾಯ್ದೆಯ 14-ಎ ಕಲಮಿನಲ್ಲಿ ಭೂ ಉಪಯೋಗ ಬದಲಾವಣೆಗೆ ದಾರಿಯಿದೆ. ವಾಣಿಜ್ಯದಿಂದ ವಸತಿಗೆ ಇಳಿಯುವವರಿಗೆ ಅದು ಶುಲ್ಕ ಕಟ್ಟಿ ಮುಂಚಿತವಾಗಿ ತಿಳಿಸಿದರೆ ಮುಗಿಯುವ ಕೆಲಸ. ವಸತಿಯಿಂದ ವಾಣಿಜ್ಯಕ್ಕೆ ಏರುವವರು ಪತ್ರಿಕೆಯಲ್ಲಿ ಪ್ರಕಟಣೆ, ಆಕ್ಷೇಪಣೆಗಳ ವಿಚಾರಣೆ ಎಲ್ಲವನ್ನೂ ದಾಟಬೇಕು, ಬದಲಾವಣೆಯಿಂದ ಸಾರ್ವಜನಿಕ ಹಿತ ಸಾಧಿಸುತ್ತದೆಂದು ತೋರಿಸಬೇಕು. 30 ಅಡಿ ರಸ್ತೆಯ 1200 ಚದರ ಅಡಿಗೆ ಆ ಶ್ರಮ ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ.

ನಿಯಮದಲ್ಲಿ ಒಂದು ಕೊರತೆಯೂ ಇದೆಯೆಂದು ನನಗೆ ಅನ್ನಿಸುತ್ತದೆ. ಕಾರಿನ ಜಾಗದ ಲೆಕ್ಕವನ್ನು ದೊಡ್ಡ ಮಳಿಗೆಗಳನ್ನು ಕಣ್ಣಮುಂದಿಟ್ಟುಕೊಂಡು ಮಾಡಲಾಗಿದೆ. ಓಣಿಯ ಮೆಡಿಕಲ್ ಅಂಗಡಿಗೆ ಬರುವವರು ನಡೆದೋ ಬೈಕಿನಲ್ಲೋ ಬರುತ್ತಾರೆ. ಕಿರಾಣಾ ಬಜಾರದ ಕಡೆಯ ಹಳೆಯ ಪೇಟೆಯಲ್ಲಿ ತಲೆಮಾರುಗಳಿಂದ ಕೆಳಗೆ ಅಂಗಡಿ, ಮೇಲೆ ಸಂಸಾರ ನಡೆದು ಬಂದಿದೆ, ಆ ಜೀವನಕ್ರಮ ಊರಿಗೆ ಒಳ್ಳೆಯದೇ ಮಾಡಿದೆ. ಚಿಕ್ಕ ಪ್ಲಾಟುಗಳಿಗೆ ಕಾರಿನ ಬದಲು ದ್ವಿಚಕ್ರ ವಾಹನದ ಜಾಗ ಕೇಳುವ ನಿಯಮ ಬಂದರೆ ಬಹಳ ಜನ ಸುಳ್ಳು ನಕ್ಷೆಯ ದಾರಿಯನ್ನು ಬಿಡುತ್ತಾರೆ. ಮಹಾಯೋಜನೆಯ ಪರಿಷ್ಕರಣೆಯ ಕರಡು ಪ್ರಕಟವಾದಾಗ ಈ ಮಾತನ್ನು ಲಿಖಿತ ಸಲಹೆಯಾಗಿ ಕೊಡಲು ನಿಮಗೂ ನನಗೂ ಅವಕಾಶವಿರುತ್ತದೆ. ಅಲ್ಲಿಯವರೆಗೆ ಇರುವ ನಿಯಮಕ್ಕೆ ಹೊಂದಿಸಿಕೊಳ್ಳಬೇಕು.

ನಿಮ್ಮ ಪ್ಲಾಟಿಗೆ ನಾನು ನಕ್ಷೆ ಮಾಡಿದರೆ ಮುಂದೆ ಒಂದೇ ಶಟರ್ ಇಡುತ್ತೇನೆ, ಅದನ್ನು ಮೆಡಿಕಲ್ ಅಂಗಡಿಗೆ ಕೊಡುತ್ತೇನೆ. ಔಷಧಿಯ ಚಿಲ್ಲರೆ ಲೈಸೆನ್ಸಿಗೆ ಕನಿಷ್ಠ 10 ಚದರ ಮೀಟರ್, ಅಂದರೆ ಸುಮಾರು 108 ಚದರ ಅಡಿ ಬೇಕು; 9 ಅಡಿ ಅಗಲಕ್ಕೆ 14 ಅಡಿ ಆಳ ಕೊಟ್ಟರೆ ಕಪಾಟು ಇಟ್ಟರೂ ಸಾಕಾಗುತ್ತದೆ. ರೊಟ್ಟಿ ಕೇಂದ್ರ ರಸ್ತೆಗೆ ಮುಖ ಮಾಡಲೇಬೇಕೆಂದಿಲ್ಲ, ಏಕೆಂದರೆ ಖಾನಾವಳಿ, ಹಾಸ್ಟೆಲ್, ಮದುವೆಯ ಆರ್ಡರುಗಳು ಫೋನಿನಲ್ಲೇ ಬರುತ್ತವೆ, ಬೆಳಿಗ್ಗೆ ಬುಟ್ಟಿಗಳಲ್ಲಿ ಹೊರಡುತ್ತವೆ. ಅಂಗಡಿಯ ಹಿಂದಿನ ಕೋಣೆಯನ್ನು ಅವ್ವನವರಿಗೆ ಬಿಟ್ಟು, ಅದಕ್ಕೆ ಪಕ್ಕದ ಒಂದು ಮೀಟರ್ ಹಾದಿಯಿಂದ ಬಾಗಿಲು, ಹಿಂಗೋಡೆಗೆ ದೊಡ್ಡ ಜಾಲರಿ ಕಿಟಕಿ ಮತ್ತು ಚಿಮಣಿ, ನಡುವೆ ಪೂರ್ಣ ಇಟ್ಟಿಗೆ ಗೋಡೆ ಇಡಬೇಕು. ಎರಡೂ ಬಳಕೆಗಳನ್ನು ಅಳತೆ ಸಮೇತ ನಕ್ಷೆಯಲ್ಲಿ ಬರೆದು, ಯಂತ್ರದ ಎಚ್‌ಪಿಯನ್ನೂ ನಮೂದಿಸಿ, ಪ್ರಾಧಿಕಾರದ ಭೂ ಉಪಯೋಗ ಪತ್ರದೊಡನೆ ಪಾಲಿಕೆಗೆ ಸಲ್ಲಿಸಿ. ರೊಟ್ಟಿ ಕೇಂದ್ರಕ್ಕೆ ವಿಶೇಷ ಅನುಮತಿ ಬೇಕೆಂದು ಹೇಳಿದರೆ ಆ ಅರ್ಜಿಯನ್ನು ಮೊದಲು ಮುಗಿಸಿಕೊಳ್ಳಿ, ಅಡಿಪಾಯದ ಕೆಲಸ ಅದರ ನಂತರ ಶುರುವಾಗಲಿ.