ತದ್ರೂಪಿ ಹಸುವಿನ ಭ್ರೂಣ ಅರ್ಧದಲ್ಲೇ ಏಕೆ ನಿಲ್ಲುತ್ತದೆ?

ಅಜ್ಜಂಪುರದ ಅಮೃತಮಹಲ್ ಹಸುವಿನ ಕಿವಿಯ ಚರ್ಮದಿಂದ ತದ್ರೂಪಿ (ಕ್ಲೋನ್) ಕರು ಪಡೆಯಬಹುದೇ, ಅಂಥ ಭ್ರೂಣ ಚೆನ್ನಾಗಿ ಬೆಳೆಯಲು ಪ್ರಯೋಗಾಲಯದಲ್ಲಿ ಏನು ಮಾಡುತ್ತಾರೆ ಎಂದು ಕೇಳಿದ್ದೀರಿ.

ತಾತ್ವಿಕವಾಗಿ ಸಾಧ್ಯ, ಕರ್ನಾಲ್‌ನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ 2023ರ ಮಾರ್ಚ್‌ನಲ್ಲಿ ಗಿರ್ ತಳಿಯ ತದ್ರೂಪಿ ಕರು ‘ಗಂಗಾ’ ಜನಿಸಿತು. ಆದರೆ ಹೆಚ್ಚಿನ ಭ್ರೂಣಗಳು ನಡುವೆಯೇ ನಿಂತುಬಿಡುತ್ತವೆ. ಕೋಶಕೇಂದ್ರ ತೆಗೆದ ಅಂಡಾಣುವಿಗೆ ಚರ್ಮದ ಕೋಶವನ್ನು ಬೆಸೆದಾಗ, ಆ ಕೋಶದ ಡಿಎನ್‌ಎ ಮೇಲೂ ಅದು ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಮೇಲೂ ‘ನಾನು ಚರ್ಮ’ ಎನ್ನುವ ರಾಸಾಯನಿಕ ಗುರುತುಗಳು ಉಳಿದಿರುತ್ತವೆ. ಅವು ಅಳಿಸದಿದ್ದರೆ, ದನಗಳಲ್ಲಿ 8ರಿಂದ 16 ಕೋಶಗಳ ಹಂತದಲ್ಲಿ ಚಾಲನೆಗೊಳ್ಳಬೇಕಾದ ಭ್ರೂಣದ ಸ್ವಂತ ಜೀನುಗಳು ಸರಿಯಾಗಿ ಎಚ್ಚರಗೊಳ್ಳುವುದಿಲ್ಲ.

ಆದ್ದರಿಂದ ಬೆಸುಗೆಯ ನಂತರದ ಮೊದಲ ಕೆಲವು ಗಂಟೆ ಭ್ರೂಣವನ್ನು ಟ್ರೈಕೊಸ್ಟಾಟಿನ್‌-ಎ ಅಥವಾ ಸ್ಕ್ರಿಪ್ಟೇಡ್ ಎಂಬ ರಾಸಾಯನಿಕ ಇರುವ ದ್ರಾವಣದಲ್ಲಿಡುತ್ತಾರೆ. ಇವು ಬಿಗಿಯಾಗಿ ಸುತ್ತಿದ ಡಿಎನ್‌ಎಯನ್ನು ಸಡಿಲಿಸಿ ಜೀನುಗಳು ಎಚ್ಚರಗೊಳ್ಳಲು ನೆರವಾಗುತ್ತವೆ, ಆದರೆ ಪ್ರಮಾಣ ಮೀರಿದರೆ ಭ್ರೂಣಕ್ಕೇ ವಿಷವಾಗುತ್ತವೆ. ಬೆಸೆಯುವ ಮುನ್ನ ಚರ್ಮದ ಕೋಶಗಳಿಗೆ ಪೋಷಣೆಯಾಗಿ ಕೊಡುವ ಸೀರಂ (ರಕ್ತದ ದ್ರವಭಾಗ) ಕಡಿಮೆ ಮಾಡಿ ವಿಭಜನೆ ನಿಲ್ಲಿಸುವ ಕ್ರಮವೂ ಇದೆ.

ನನ್ನ ದೃಷ್ಟಿಯಲ್ಲಿ ಅಷ್ಟೇ ಮುಖ್ಯವಾದದ್ದು ಪ್ರಯೋಗಾಲಯದಲ್ಲಿ ಭ್ರೂಣವನ್ನು ಬೆಳೆಸುವ ಶಿಸ್ತು. ಎಣ್ಣೆಯ ಪದರದಡಿಯ ಪುಟ್ಟ ಹನಿಯಲ್ಲಿ, 38.5 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗಾಳಿಯಲ್ಲಿರುವ ಶೇ 21ರ ಬದಲು ಗರ್ಭಕ್ಕೆ ಹತ್ತಿರವಾದ ಶೇ 5 ಆಮ್ಲಜನಕದಲ್ಲಿ ಭ್ರೂಣ ಸುಮಾರು ಏಳು ದಿನ ಬೆಳೆಯುತ್ತದೆ. ಆ ಹನಿಯಲ್ಲಿ ಸೀರಂ ಹೆಚ್ಚಾದರೆ ಮುಂದೆ ಕರು ಅಸಹಜವಾಗಿ ದಪ್ಪಗಾಗಿ, ಹೆರಿಗೆಯಲ್ಲಿ ತಾಯಿಗೂ ಕಷ್ಟವಾಗಬಹುದು.